ಬೆಳ್ಳೂರಿನ ಜಗಲಿಯಲ್ಲಿ ಬೆಲ್ಲ, ನೀರು

ಕ್ರಿಸ್‌ಮಸ್ ರಜೆಗೆ ಜೊತೆಯ ಶಿಕ್ಷಕರೆಲ್ಲ ತಮ್ಮ ಮನೆಗಳಿಗೆ ಹೋದರು. ಹೋಗಲು ಮನೆಯಿಲ್ಲದ ನಾನು ಹೊಸ ನಾಯಿಮರಿಯನ್ನು ಚೀಲದಲ್ಲಿ ಕೂರಿಸಿಕೊಂಡು ಮುಳ್ಳೇರಿಯದಲ್ಲಿ ಬಸ್ಸು ಹತ್ತಿ, ಅದು ಹುಟ್ಟಿದ ಬೆಳ್ಳೂರಿನ ಮನೆಗೆ ಬಂದೆ. ಅಂಗಳಕ್ಕೆ ಇಳಿಸಿದ್ದೇ ತಡ, ಮರಿ ತಾಯಿಯ ಹೊಟ್ಟೆಗೆ ಮುಖ ಒತ್ತಿತು. ಕರೆದರೂ ತಿರುಗಲಿಲ್ಲ. ಕರಕೊಂಡು ಬರಬಾರದಿತ್ತು.

ಮರಿಯನ್ನು ನನಗೆ ಕೊಟ್ಟಿದ್ದ ಆ ಮನೆಯ ಅಕ್ಕ, ಬಂದವರಿಗೆಲ್ಲ ಕೊಡುವಂತೆ, ನನಗೆ ಬೆಲ್ಲ, ನೀರು ತಂದಿಟ್ಟರು.

"ಇದು ಇಲ್ಲೇ ಇರ್ಲಿ ಅಕ್ಕ. ಅಲ್ಲಿ ನಾನೊಬ್ಬನೇ," ಎಂದೆ.

"ಎಂತ ಮಾತು ಮಾಷ್ಟ್ರೇ?" ಅವರು ಬೆಲ್ಲದ ಒಂದು ಚೂರನ್ನು ಮರಿಯ ಮುಂದೆಯೂ ಇಟ್ಟರು. "ಕೊಟ್ಟ ಮೇಲೆ ಅದೂ ಇಲ್ಲಿಗೆ ನೆಂಟನೇ."

ಮರಿ ಬೆಲ್ಲ ನೆಕ್ಕತೊಡಗಿತು. ತಾಯಿ ಎದ್ದು ಹಿತ್ತಲಿಗೆ ಹೋಯಿತು. ಬಸ್ಸಿನ ಹೊತ್ತಾಗುವವರೆಗೆ ನಾವಿಬ್ಬರು ನೆಂಟರು ಜಗಲಿಯಲ್ಲೇ ಕೂತೆವು.