ಬಾನೆಟ್ಟಿನೊಳಗಿನ ಅಭಿಷೇಕ

ತುರ್ವಿಹಾಳದಲ್ಲಿ ಯಾರ ಗಾಡಿ ಕೆಟ್ಟು ನಿಂತರೂ ಬಸವಂತರಾಯರು ದೂರದಿಂದಲೇ ರೋಗ ಹೇಳಿಬಿಡುತ್ತಿದ್ದರು: 'ಪೂಜಿ ಕಮ್ಮಿ ಆಗ್ಯಾದ.' ಟ್ರ್ಯಾಕ್ಟರಿರಲಿ, ಭತ್ತ ಕೊಯ್ಯುವ ಮಷೀನಿರಲಿ, ಅವರ ಬಳಿ ಇದ್ದದ್ದು ಅದೊಂದೇ ಔಷಧ. ಹೋದ ವರ್ಷ ಹೆಂಡತಿಯ ತಮ್ಮ ಸಂಗನಬಸವನ ಕಾರು ಮಸ್ಕಿಯ ಹತ್ತಿರ ಕೈಕೊಟ್ಟಾಗ, ಬೀಗರೆಲ್ಲರ ಎದುರಿಗೇ ಅವನಿಗೆ ಅರ್ಧ ತಾಸು ಉಪದೇಶ ಮಾಡಿದ್ದರು. ಪಾಪ, ಅವನು ತಲೆ ತಗ್ಗಿಸಿ ಕೇಳಿಕೊಂಡಿದ್ದ.

ರಾಯರ ಕಾರಿಗೆ ಮಾತ್ರ ಅಮಾವಾಸ್ಯೆಯ ಪೂಜೆ ತಪ್ಪಿದ್ದಿಲ್ಲ. ಊರವರು ಬಾನೆಟ್ ಮೇಲೆ ಕುಂಕುಮ ಹಚ್ಚಿ ಕೈಮುಗಿದರೆ, ಇವರು ಅದನ್ನು ತೆರೆದೇ ಪೂಜಿಸುವರು. ದೇವರಿರುವುದು ಗರ್ಭಗುಡಿಯಲ್ಲಿ, ಗೋಪುರದ ಮೇಲಲ್ಲ ಎಂಬುದು ಅವರ ವಾದ. ಬ್ಯಾಟರಿಗೆ ಮೂರು ಬೆರಳು ವಿಭೂತಿ, ಆಮೇಲೆ ಒಡೆದ ಕಾಯಿಯ ನೀರಿನ ಅಭಿಷೇಕ. ನಾಲ್ಕು ವರ್ಷದಲ್ಲಿ ಒಂದು ಹನಿಯನ್ನೂ ಹೊರಗೆ ಚೆಲ್ಲಿದವರಲ್ಲ.

ಅಂಥ ಕಾರು ಸಂಗನಬಸವನ ಮಗನ ತೊಟ್ಟಿಲ ದಿನವೇ ಮುಷ್ಕರ ಹೂಡಿತು. ಹನ್ನೆರಡು ವರ್ಷ ಕಾದ ಮೇಲೆ ಹುಟ್ಟಿದ ಕೂಸು. ಲಿಂಗಸುಗೂರಿನಲ್ಲಿ ಹನ್ನೊಂದೂವರೆಗೆ ಮುಹೂರ್ತ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ ಸಂಗಮ್ಮ, ಅಂದರೆ ರಾಯರ ಹೆಂಡತಿ. ಕೂಸಿಗೆ ಹೊಲಿಸಿದ ಕುಲಾಯಿ ಕುಂಚಿಗೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಕಾರಿನಲ್ಲಿ ಕೂತಾಗಿತ್ತು. ರಾಯರು ಚಾವಿ ತಿರುವಿದರು. ಟಕ್ ಎಂದಿತು, ಅಷ್ಟೇ.

ಡೀಸೆಲ್ ನೋಡಿದರು, ಇತ್ತು. ಗಾಲಿಯಡಿ ಹೊಸ ನಿಂಬೆಹಣ್ಣು ಇಟ್ಟರು. ಆದರೆ ಗಾಡಿ ಮುಂದೆ ಸರಿದರಲ್ಲವೇ ಹಣ್ಣು ಒಡೆಯುವುದು. ಬಸ್ಸೆಂದರೆ ಸಿಂಧನೂರಿಗೆ ಹೋಗಿ ಬದಲಿಸಬೇಕು, ಹೊತ್ತು ಮೀರುತ್ತಿತ್ತು. ಸಂಗಮ್ಮನ ಕಣ್ಣು ತುಂಬಿದ್ದು ಕಂಡು ರಾಯರು ಹಮ್ಮು ಬದಿಗಿಟ್ಟು ಮೆಕ್ಯಾನಿಕ್ ಇಮಾಮ್‌ಸಾಬ್‌ಗೆ ಫೋನ್ ಮಾಡಿದರು.

ಇಮಾಮ್‌ಸಾಬ್ ಬಂದು ಮೊದಲು ಹೆಡ್‌ಲೈಟ್ ಹಾಕಿಸಿದ. ಚಾವಿ ತಿರುವಿದ ಕೂಡಲೇ ಬೆಳಕು ಮಂಕಾಯಿತು. ಬಾನೆಟ್ ಎತ್ತಿದ. ಬ್ಯಾಟರಿಗೆ ವೈರು ಕೂಡುವಲ್ಲಿ ಬಿಳಿ-ಹಸಿರು ಕಿಲುಬು ಬೆಲ್ಲದ ಹೆಂಟೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಕರೆಂಟು ದಾಟಲು ಸಂದೇ ಇರಲಿಲ್ಲ. ಸ್ಕ್ರೂಡ್ರೈವರಿನಿಂದ ಕೆರೆದರೆ ವಿಭೂತಿಯೂ ಉದುರಿತು, ತೆಂಗಿನ ನಾರೂ ಬಂತು. ರಾಯರು ಆಕಾಶ ನೋಡಿದರು.

"ಬ್ಯಾಟರಿ ಚಲೋ ಅದ ಸಾವ್ಕಾರ್ರ," ಎಂದ ಇಮಾಮ್‌ಸಾಬ್ ಮೆಲ್ಲಗೆ. "ಇದಕ್ಕ ಕಾಯಿನೀರು ಹಾಕಬ್ಯಾಡ್ರಿ."

ಸಂಗಮ್ಮ ಬಿಸಿನೀರು, ಸೋಡಾಪುಡಿ ತಂದುಕೊಟ್ಟಳು. ಅವನು ತೊಳೆದು, ತಿಕ್ಕಿ, ಒರೆಸಿ, ವೈರು ಬಿಗಿದ. ಒಂದೇ ತಿರುವಿಗೆ ಗಾಡಿ ಎದ್ದಿತು. ಆ ಖುಷಿಗೆ, ರೂಢಿಯ ಮೇಲೆ, ರಾಯರು ಕಾಯಿ ಒಡೆದೇಬಿಟ್ಟರು. ನೀರು ಬಾನೆಟ್ಟಿಗೆ ಬೀಳುವ ಮೊದಲೇ ಸಂಗಮ್ಮ ಹೋಳು ಕಸಿದುಕೊಂಡು ಇಮಾಮ್‌ಸಾಬ್‌ನ ಕೈಗಿಟ್ಟಳು. ಅವನು ನಿಂತಲ್ಲೇ ಕುಡಿದ.

ಲಿಂಗಸುಗೂರು ಮುಟ್ಟಿದಾಗ ಮುಹೂರ್ತಕ್ಕೆ ಐದು ನಿಮಿಷವಿತ್ತು. ಸಂಗಮ್ಮ ಓಡುತ್ತಲೇ ಒಳಗೆ ಹೋಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಆಮೇಲೆ, ಬೀಗರೆಲ್ಲ ಎಲೆಯ ಮುಂದೆ ಕೂತಾಗ, ಸಂಗನಬಸವ ಹೋಳಿಗೆಗೆ ತುಪ್ಪ ಬಡಿಸುತ್ತ ಕೇಳಿದ: "ಗಾಡಿಗೆ ಏನಾಗಿತ್ರಿ ಮಾಮಾ?"

ರಾಯರು ಹೆಂಡತಿಯ ಕಡೆ ನೋಡಿದರು. ಆಕೆ ತೊಟ್ಟಿಲು ತೂಗುತ್ತ, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಪೂಜಿ ಜಾಸ್ತಿ ಆಗಿತ್ತಪಾ," ಎಂದರು.