ಯಕ್ಷಿಗೊಬ್ಬ ಸೂಪರ್‌ವೈಸರ್

ಊರಾಚೆ ಒಂದು ಹಳೆಯ ಮೂರ್ತಿ ಸಿಕ್ಕರೆ ಸಾಕು, ಅದಕ್ಕೊಬ್ಬ ಸಂಬಳವಿಲ್ಲದ ಮೇಲ್ವಿಚಾರಕ ತಾನಾಗಿ ಹುಟ್ಟಿಕೊಳ್ಳುತ್ತಾನೆ. ಹಳಿಯಾಳದ ಕಡೆಯ ನಮ್ಮ ಕಲ್ಲಿನ ಯಕ್ಷಿಗೆ, ಅಂದರೆ ಮರದ ದೇವತೆಗೆ, ಸಿಕ್ಕವರು ಪುಂಡಲೀಕ ಕಾಕಾ. ಮೂವತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ಮರ ಚೂರು ಮಾಡುವ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಈಗಲೂ ಬೆಳಿಗ್ಗೆ ಆರಕ್ಕೆ ಖಾಕಿ ಅಂಗಿ ತೊಟ್ಟು ಯಕ್ಷಿಯ ಮುಂದೆ ಹಾಜರು. "ಎರಡು ಸಾವಿರ ವರ್ಷ ಒಂದ ಕಾಲ ಮ್ಯಾಲ ಡ್ಯೂಟಿ ಮಾಡ್ಯಾಳ್ರೀ, ಒಂದ ದಿನ ರಜಾ ತೊಗೊಂಡಿಲ್ಲ" ಎಂದು ಬಂದವರೆದುರು ಹೊಗಳುತ್ತಾರೆ. ಯಕ್ಷಿ ಕೈಯೆತ್ತಿ ಹಿಡಿದಿದ್ದ ಕಲ್ಲಿನ ಟೊಂಗೆ ಎಂದೋ ಒಡೆದುಹೋಗಿದೆ; ಈಗ ದಾಂಡೇಲಿ ಬಸ್ಸಿಗೆ ಕೈ ಮಾಡಿದಂತೆ ಕಾಣುತ್ತಾಳೆ. ಹಾಗೆಂದು ನಕ್ಕವರ ಗತಿ ಕೇಳಬೇಡಿ. ಅದಕ್ಕೇ ಕಾಕಾ ದಿನವೂ ಆಕೆಯ ಮುಷ್ಟಿಗೆ ಎಲೆಯಿರುವ ಟೊಂಗೆಯೊಂದನ್ನು ಸಿಕ್ಕಿಸುತ್ತಾರೆ. "ನನ್ನ ತಲಿಗೆ ಎಂದರ ಒಂದು ಹೂವು ತಂದೀರೇನು?" ಎಂದು ಬುತ್ತಿ ತಂದ ಹೆಂಡತಿ ಗೋದುಬಾಯಿ ಕೇಳಿದರೆ ಮಾತ್ರ ಕಾಕಾರ ಕಿವಿ ಥಟ್ಟನೆ ಮಂದವಾಗುತ್ತದೆ. ನಾಲ್ಕು ಹೆಜ್ಜೆಯಲ್ಲೇ ಮತ್ತಿ ಮರವಿದ್ದರೂ ಯಕ್ಷಿಯ ಆ ಟೊಂಗೆಗಾಗಿ ಕಾಕಾ ನೆಲ ನೋಡುತ್ತ ತಾಸುಗಟ್ಟಲೆ ಕಾಡು ಸುತ್ತುತ್ತಾರೆ. ಈ ಅಲೆದಾಟ ನೋಡಲಾರದೆ ಮೊನ್ನೆ ನಾನೇ ಆ ಮತ್ತಿಯ ಹಸಿರು ಟೊಂಗೆಯೊಂದನ್ನು ಲಟಕ್ಕನೆ ಮುರಿದು ಮುಂದೆ ಹಿಡಿದೆ. ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಬಿದ್ದದ್ದು ಇದ್ರ ಹುಡುಕಿ ತರ್ರಿ," ಎಂದರು. "ಮುರಿಯೂ ಡ್ಯೂಟಿಯಿಂದ ನಾ ರಿಟೈರ್ ಆಗೇನಿ."