ಎಲ್ಲದಕ್ಕೂ ಹೌದೆನ್ನುವ ಖಾಲಾ

ನಿನ್ನೆ ಪುಲಿಕೇಶಿನಗರದ ಮದುವೆ ಹಾಲೊಂದರ ಲಿಫ್ಟಿನಲ್ಲಿ ಯಾರೋ ಮಂಡಿಗೆ ನೋವಿನ ಮುಲಾಮು ಬಳಿದುಕೊಂಡು ಬಂದಿದ್ದರು. ಅತ್ತರು, ಮಲ್ಲಿಗೆ, ಬಿರಿಯಾನಿ ಎಲ್ಲವನ್ನೂ ಮೀರಿಸಿದ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಎಂಬಿಬಿಎಸ್ ಕೊನೆಯ ವರ್ಷದ ಹುಡುಗಿಯಾದೆ. ನಾಳೆಯೇ ಪ್ರಾಕ್ಟಿಕಲ್ ಎಂಬಂತೆ ಮನಸ್ಸಿನಲ್ಲೇ ಪ್ರಶ್ನೆಗಳನ್ನು ಒಪ್ಪಿಸತೊಡಗಿದೆ. ಇಷ್ಟು ವರ್ಷ ಡಾಕ್ಟರಿಕೆ ಮಾಡಿದವಳಿಗೆ ಈಗಲೂ ಪರೀಕ್ಷೆಯ ಭಯವೇ ಎಂದು ನೀವು ನಗುತ್ತೀರಿ. ನಗಿ, ತೊಂದರೆಯಿಲ್ಲ.

ಹಾವೇರಿಯಿಂದ ಬಂದ ನಾನು ಆಗ ಇಲ್ಲೇ ಹಿಂದಿನ ಗಲ್ಲಿಯಲ್ಲಿ, ಖಾಲಾ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಖಾಲಾ ಎಂದರೆ ಚಿಕ್ಕಮ್ಮ. ಇಡೀ ಬೀದಿಗೇ ಅವರು ಖಾಲಾ. ನಿನ್ನೆಯ ಮದುವೆ ಅವರ ಮೊಮ್ಮಗಳದೇ. ನಾನೋ ಪುಸ್ತಕದ ಹುಳು. ಥಿಯರಿಯಲ್ಲಿ ಯಾವತ್ತೂ ಮುಂದೆ, ಆದರೆ ಮೆಡಿಸಿನ್ ಪ್ರಾಕ್ಟಿಕಲ್‌ನಲ್ಲಿ ಫೇಲಾದೆ. ಅಲ್ಲಿ ಒಬ್ಬ ರೋಗಿಯನ್ನು ನಮಗೆ ಒಪ್ಪಿಸುತ್ತಾರೆ. ಮಾತಾಡಿಸಿ, ಮುಟ್ಟಿ ನೋಡಿ, ಕಾಯಿಲೆ ಏನೆಂದು ಪರೀಕ್ಷಕರಿಗೆ ಹೇಳಬೇಕು. ಬಾಯಿಪಾಠ ಮಾಡಿದ್ದ ಪ್ರಶ್ನೆಗಳನ್ನೆಲ್ಲ ಒದರಿದೆ. ಜ್ವರ ಇದೆಯಾ, ಕೆಮ್ಮು ಇದೆಯಾ, ಉಬ್ಬಸ ಇದೆಯಾ, ಕಾಲು ಊದುತ್ತಾ? ಆತ ಎಲ್ಲಕ್ಕೂ ಹೌದೆಂದ. ಎಲ್ಲವನ್ನೂ ಬರೆದುಕೊಂಡು ಹೋಗಿ ಒಪ್ಪಿಸಿದೆ. ಪರೀಕ್ಷಕರು ಕನ್ನಡಕ ತೆಗೆದು, "ಇಷ್ಟೆಲ್ಲ ಇದ್ದೂ ಈ ಮನುಷ್ಯ ಬದುಕಿದ್ದಾನೇನಮ್ಮಾ?" ಎಂದರು.

ಜೊತೆಯವರೆಲ್ಲ ಇಂಟರ್ನ್‌ಗಳಾಗಿ ವಾರ್ಡಿಗೆ ಹೊರಟರು, ನಾನು ಕೋಣೆ ಸೇರಿದೆ. ಮರುಪರೀಕ್ಷೆಯಲ್ಲೂ ಹೋದರೆ ಡಾಕ್ಟರಾಗುವ ಆಸೆಗೆ ಎಳ್ಳುನೀರು ಬಿಟ್ಟು ಊರಿಗೆ ಹೊರಡುವುದೆಂದು ನಿಶ್ಚಯಿಸಿದ್ದೆ. ಊಟಕ್ಕೂ ಕೆಳಗಿಳಿಯದ್ದನ್ನು ಕಂಡು ಖಾಲಾ ಮಹಡಿ ಹತ್ತಿ ಬಂದರು. ಕಾರಣ ಕೇಳಿ, "ಅಷ್ಟೇನಾ? ನಾನೇ ಪೇಷಂಟ್ ಆಗ್ತೀನಿ ಬಿಡು, ನನ್ಮೇಲೆ ಕಲಿ" ಎಂದರು.

ಮರುದಿನ ಸಂಜೆ ನೋಡಿದರೆ ದಿವಾನದ ಮೇಲೆ ಜರಿ ದುಪಟ್ಟಾ ಹೊದ್ದು, ಪೇಷಂಟ್ ಅನ್ನಿಸಲೆಂದು ಮಂಡಿಗೆ ನೋವಿನ ಮುಲಾಮನ್ನೂ ಘಮ್ಮೆನ್ನುವಂತೆ ಬಳಿದುಕೊಂಡು ಕೂತಿದ್ದಾರೆ. ಡಾಕ್ಟರ ಹತ್ತಿರ ಹೋಗುವಾಗ ನೀಟಾಗಿ ಹೋಗಬೇಕಂತೆ. ಎದೆನೋವು? ಐತೆ. ತಲೆಸುತ್ತು? ಅದೂ ಐತೆ. ರಾತ್ರಿ ಬೆವರು? ಬಹಳ ಐತೆ. ವಾರವಿಡೀ ಇದೇ ಕಥೆಯಾದಾಗ ನನಗೆ ಪಿತ್ತ ನೆತ್ತಿಗೇರಿತು.

"ಇಲ್ಲದ್ದಕ್ಕೆಲ್ಲ ಹೂಂ ಅಂದ್ರ ನಾ ಹ್ಯಾಂಗ ಕಲೀಲಿ ಖಾಲಾ?"

"ಪಾಪ, ಇಷ್ಟು ಕಷ್ಟಪಟ್ಟು ಕೇಳ್ತೀಯ ಬೇಟಾ, ಇಲ್ಲ ಅಂತ ಹೆಂಗೆ ಹೇಳೋದು? ಕೇಳಿದೋರಿಗೆ ಇಲ್ಲ ಅನ್ನೋ ರೂಢಿ ನಮ್ಮನೇಲಿ ಇಲ್ಲ."

ಯಾರೋ ತಲೆಗೊಂದು ಮೊಟಕಿದಂತಾಯಿತು. ಆವತ್ತಿನ ರೋಗಿಯೂ ನನಗೆ ಮೋಸ ಮಾಡಿರಲಿಲ್ಲ. ಓದುವ ಹುಡುಗಿ, ಬೇಸರಪಡಿಸುವುದು ಬೇಡ ಎಂದುಕೊಂಡಿದ್ದ, ಅಷ್ಟೇ. ಪುಸ್ತಕ ಮುಚ್ಚಿಟ್ಟು, "ಬೆಳಿಗ್ಗೆ ಎದ್ದಾಗಿಂದ ಏನೇನ್ ಮಾಡಿದ್ರಿ ಹೇಳ್ರಿ" ಎಂದೆ. ಖಾಲಾ ಅರಳಿಬಿಟ್ಟರು. ತಾರಸಿಗೆ ಒದ್ದೆ ಬಟ್ಟೆಯ ಬಕೆಟ್ ಹೊತ್ತದ್ದು, ಶಿವಾಜಿನಗರದ ಮಾರ್ಕೆಟ್ಟಿಗೆ ನಡೆದೇ ಹೋಗಿ ಮೀನಿನವನ ಜೊತೆ ಜಗಳವಾಡಿ ಗೆದ್ದದ್ದು, ಮನೆಗೆ ಬಂದು ಕೂರದೆ ಸೊಸೆಯರಿಗೆ ಬೈದದ್ದು. ಎಲ್ಲ ಕೇಳಿ ಹೇಳಿದೆ: "ನಿಮಗ ಏನೂ ಆಗಿಲ್ಲ. ಗುಂಡುಕಲ್ಲಿನಂಗ ಇದ್ದೀರಿ." ಅವರ ಮುಖ ಸಪ್ಪಗಾಯಿತು. ಒಂದಾದರೂ ಕಾಯಿಲೆ ಸಿಕ್ಕೀತೆಂಬ ಆಸೆಯಿತ್ತೇನೋ.

ಮರುಪರೀಕ್ಷೆಯಲ್ಲಿ ನನಗೆ ಸಿಕ್ಕ ರೋಗಿ ಪಾತ್ರೆ ಅಂಗಡಿಯ ಹಿರಿಯರೊಬ್ಬರು. ಪರೀಕ್ಷಕರು ಮಾತ್ರ ಹಿಂದಿನವರೇ. ಆದರೂ ಸ್ಟೂಲ್ ಎಳೆದು ಕೂತು, ಆ ಹಿರಿಯರ ದಿನ ಹೇಗೆ ಕಳೆಯುತ್ತದೆಂದು ಕೇಳಿದೆ. ಅಂಗಡಿಯ ಶಟರ್ ಈಗ ಮಗ ಎತ್ತುತ್ತಾನೆ. ನಮಾಜಿಗೆ ಬಗ್ಗಿದರೆ ಉಸಿರು ಕಟ್ಟುತ್ತದೆ, ಕುರ್ಚಿಯಲ್ಲೇ ಮಾಡುತ್ತಾರೆ. ಮಲಗಲು ಮೂರು ದಿಂಬು ಬೇಕು. ಸಂಜೆಯಾದರೆ ಚಪ್ಪಲಿ ಬಿಗಿ. ಜ್ವರದ ಮಾತಿಲ್ಲ, ಕೆಮ್ಮಿನ ಮಾತಿಲ್ಲ. ಹೃದಯ ಸೋತಿದೆ ಎಂದು ಸ್ಟೆತಸ್ಕೋಪ್ ಇಡುವ ಮೊದಲೇ ಅನ್ನಿಸಿತು. ಇಟ್ಟ ಮೇಲೆ ಖಾತ್ರಿಯಾಯಿತು. ಪರೀಕ್ಷಕರ ಮುಂದೆ ನಾಲ್ಕೇ ಮಾತಿನಲ್ಲಿ ಹೇಳಿದೆ. ಕೆದಕಿ ಕೆದಕಿ ಕೇಳಿದರು, ನಾನು ಜಗ್ಗಲಿಲ್ಲ.

"ಹೀಗೆ ಕೇಳೋಕೆ ಯಾರಮ್ಮ ಹೇಳಿಕೊಟ್ಟಿದ್ದು?"

"ನಮ್ಮ ಮನೆ ಓನರ್, ಸರ್."

ಅವರು ನಕ್ಕುಬಿಟ್ಟರು. ರಿಸಲ್ಟ್ ಬಂದ ದಿನ ಖಾಲಾ ಗಲ್ಲಿಯ ಮನೆಮನೆಗೂ ಜಾಮೂನು ಹಂಚಿ, "ನಾವು ಪಾಸಾದ್ವಿ" ಎಂದು ಸಾರಿದರು. ನಾನು ಅವರ ಭುಜಕ್ಕೆ ಮುಖ ಒತ್ತಿಕೊಂಡು ಮನಸಾರೆ ಅತ್ತೆ. ಅಂಥ ಸಂತೋಷ ಅದು.

ನಿನ್ನೆ ಮದುಮಗಳನ್ನು ಹರಸಿ, ಡ್ಯೂಟಿ ಇದೆಯೆಂದು ಬೇಗ ಜಾರಿಕೊಳ್ಳುವ ಯೋಚನೆಯಲ್ಲಿದ್ದೆ. ಖಾಲಾ ಬಿಡಬೇಕಲ್ಲ. ಕೈ ಹಿಡಿದು ಎಳೆದೊಯ್ದು ಬೀಗರ ಮುಂದೆ ನಿಲ್ಲಿಸಿದರು.

"ಇವಳೇ ನಮ್ಮ ಡಾಕ್ಟರ್. ಇವಳ ಮೊದಲನೇ ಪೇಷಂಟ್ ನಾನೇ. ನನಗೇನೂ ಕಾಯಿಲೆ ಇರ್ಲಿಲ್ಲ. ಅದನ್ನ ಕಂಡುಹಿಡಿದಿದ್ದು ಇವಳೇ."

ಬೀಗರು ಗಂಭೀರವಾಗಿ ತಲೆದೂಗಿದರು. ಡಿಗ್ರಿ ಕೈಗೆ ಬಂದ ದಿನವೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ. ಖಾಲಾ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತೆ.